ಬಚ್ಚಲ ಅಟ್ಟದ ಮೇಲಿದ್ದ ಸ್ಟಿಕ್ಕುಗಳು

ಆ ಮಳೆಗಾಲದಲ್ಲಿ ‘ಇಲ್ಲ’ ಎಂಬ ಮಾತನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೇಳುವಾಗ ಹೆಚ್ಚಾಗಿ ಬಾಯಲ್ಲಿ ಹಲಸಿನ ಹಪ್ಪಳ ಇರುತ್ತಿತ್ತು. ಹಪ್ಪಳ ತಂದುಕೊಟ್ಟವಳಿಗೇ ಇಲ್ಲ ಎನ್ನುತ್ತಿದ್ದೆ. ಅವಳು ಕೇಳುತ್ತಿದ್ದ ಸಾಮಾನು ಇದ್ದದ್ದು ನಮ್ಮ ಮನೆಯ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ನನ್ನ ಹಳೆಯ ಪಂಚೆಯ ಗಂಟಿನಲ್ಲಿ. ನಾನು ಮಾಡಿದ ತಪ್ಪು ಇಷ್ಟೇ ಆಗಿದ್ದರೆ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮೊದಲು ರೇಡಿಯೊ, ಆಮೇಲೆ ಟಿ.ವಿ., ಈಗ ಹೆಚ್ಚಾಗಿ ಮಿಕ್ಸಿ. ಎದುರಿನ ಕಟ್ಟಡದ ಮಹಡಿ ಹತ್ತಿದರೆ ಮೆಟ್ಟಿಲ ಆಚೆಗೊಂದು, ಈಚೆಗೊಂದು ಗೇಮ್ ಅಂಗಡಿ. ಹುಡುಗರು ಗಂಟೆ ಲೆಕ್ಕದಲ್ಲಿ ಕೂತು ಟಿ.ವಿ.ಯಲ್ಲಿ ಕ್ರಿಕೆಟ್ ಆಡುವುದು, ಕಾರು ಓಡಿಸುವುದು, ಗುಂಡು ಹೊಡೆಯುವುದು ಅಲ್ಲಿ. ಆಚೆ ಅಂಗಡಿಯವಳು ಮೊದಲು ಟೈಲರ್ ಆಗಿದ್ದಳು. ಊರಿನವರು ಈಗಲೂ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಾರೆ. ರೆಡಿಮೇಡ್ ಬಂದು ಹೊಲಿಗೆ ಕಡಿಮೆಯಾದಾಗ ಅವಳು ಹೊಲಿಗೆ ಮಿಷನ್ನುಗಳನ್ನು ಮಾರಿ ಗೇಮ್ ಆಡಿಸುವ ಎರಡು ಕರಿ ಪೆಟ್ಟಿಗೆ ತಂದಿಟ್ಟಳು. ಈಚೆಯವನು ಜಯಪುರದ ಕಡೆಯವ. ಎಸ್ಟೇಟುಗಳಿಗೆ ಜೀಪು ಓಡಿಸುತ್ತಿದ್ದವನು ಸೊಂಟ ನೋವೆಂದು ಜೀಪನ್ನು ತಮ್ಮನಿಗೆ ಒಪ್ಪಿಸಿ ಎರಡು ಬಿಳಿ ಪೆಟ್ಟಿಗೆ ತಂದಿಟ್ಟ. ಕರಿಯದರ ಕಂಪನಿಗೂ ಬಿಳಿಯದರ ಕಂಪನಿಗೂ ಲೋಕದಲ್ಲೆಲ್ಲ ಜಿದ್ದು. ನಮ್ಮ ಮಹಡಿಯಲ್ಲಿ ಆ ಜಿದ್ದಿನ ನಡುವೆ ನಾಲ್ಕು ಮಾರು ಜಾಗವಿತ್ತು.

ಪೆಟ್ಟಿಗೆ ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಕೈಯಲ್ಲಿ ಹಿಡಿಯುವ ಸಾಧನ. ಹುಡುಗರು ಅದನ್ನು ರಿಮೋಟ್ ಎನ್ನುತ್ತಾರೆ. ಅದರ ಮೇಲೆ ಎರಡೂ ಹೆಬ್ಬೆರಳಿಗೆ ಒಂದೊಂದು ಅಣಬೆಯಂಥ ಸ್ಟಿಕ್ ಇರುತ್ತದೆ. ಸ್ಟಿಕ್ಕಿನ ಬುಡದಲ್ಲಿ ಇಂಗಾಲ ಬಳಿದ ಸಣ್ಣ ಪಟ್ಟಿ, ಅದರ ಮೇಲೆ ಜಾರುವ ತಗಡಿನ ನಾಲಗೆ. ಹಳೆಯ ರೇಡಿಯೊದ ವಾಲ್ಯೂಮ್ ತಿರುಪು ಇದ್ದಂತೆಯೇ. ಆ ಪಟ್ಟಿ ಸವೆದರೆ ಬೆರಳು ಬಿಟ್ಟರೂ ಟಿ.ವಿ.ಯೊಳಗಿನ ಮನುಷ್ಯ ತನ್ನಷ್ಟಕ್ಕೆ ನಡೆಯತೊಡಗುತ್ತಾನೆ. ಎಡಗೈ ಸ್ಟಿಕ್ ಬೇಗ ಸವೆಯುತ್ತದೆ, ಓಡಾಟವೆಲ್ಲ ಅದರದ್ದು. ರಿಮೋಟ್ ಬಿಚ್ಚಿ, ಒಳಗಿನ ಸರ್ಕ್ಯೂಟ್ ಹಲಗೆ ಬಿಸಿ ಮಾಡಿ, ಹದಿನಾಲ್ಕು ಕಾಲುಗಳ ಬೆಸುಗೆಯ ಲೆಡ್ ಹೀರಿ ತೆಗೆದು, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಬೇಕು. ಆತುರಪಟ್ಟರೆ ಹಲಗೆಯ ತಾಮ್ರವೇ ಎದ್ದು ಬರುತ್ತದೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ಕಡೆ ಇದಕ್ಕೆ ಕೈಹಾಕುವವನು ಆಗ ನಾನೊಬ್ಬನೇ.

ಮೊದಲ ಸಲ ಒಂದು ಕರಿ ರಿಮೋಟ್, ಒಂದು ಬಿಳಿ ರಿಮೋಟ್ ಪಕ್ಕಪಕ್ಕ ಬಿಚ್ಚಿದಾಗ ನನಗೆ ನಗು ಬಂತು. ಎರಡರೊಳಗೂ ಒಂದೇ ಸ್ಟಿಕ್. ಅದೇ ಅಳತೆ, ಅದೇ ಕಾಲು. ಹೊರಗೆ ಹಾವು ಮುಂಗುಸಿ, ಒಳಗೆ ಒಂದೇ ತಾಯಿಯ ಮಕ್ಕಳು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಟೈಲರಮ್ಮನಿಗೆ “ಕರಿಯದಕ್ಕೆ ಬೇರೆಯದೇ ಬೇಕು ತಂಗಿ, ಸಿಗೋದು ಕಷ್ಟ” ಎಂದೆ. ಜೀಪಿನವನಿಗೆ “ಬಿಳಿಯದರ ಸಾಮಾನು ಬಹಳ ನಾಜೂಕು” ಎಂದೆ. ಅದು ನನ್ನ ಮೊದಲ ಸುಳ್ಳು.

ಬೇಸಿಗೆಯಲ್ಲಿ ಬೆಂಗಳೂರಿನ ಡೀಲರ್ ಒಬ್ಬ ಒಂದು ದೊಡ್ಡ ಪೊಟ್ಟಣ ಸ್ಟಿಕ್ಕುಗಳನ್ನು ಅಗ್ಗಕ್ಕೆ ಕಳಿಸಿದ್ದ. ಒಂದು ಹಿಡಿಯಷ್ಟನ್ನು ಅಂಗಡಿಯ ಡಬ್ಬಿಗೆ ಹಾಕಿಕೊಂಡು ಉಳಿದದ್ದನ್ನು ಮನೆಗೆ ಒಯ್ದೆ. ಮಳೆ ಹಿಡಿದರೆ ನಮ್ಮಲ್ಲಿ ಚರ್ಮದ ಬೆಲ್ಟಿನಿಂದ ಹಿಡಿದು ದೇವರ ಪಟದವರೆಗೆ ಎಲ್ಲಕ್ಕೂ ಬೂಸ್ಟು ಬರುತ್ತದೆ. ಕೆಡಬಾರದ ವಸ್ತು ಯಾವುದೇ ಇರಲಿ, ಅದರ ಜಾಗ ಒಲೆಯ ಮೇಲಿನ ಅಟ್ಟ. ಬಿತ್ತನೆ ಬೀಜ, ಬೆಲ್ಲ, ವಾಟೆಹುಳಿ, ಅರೆ ಒಣಗಿದ ಅಡಕೆ ಎಲ್ಲ ಅಲ್ಲೇ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಅಡಕೆ ಬೆವರುತ್ತದೆ, ಬಟ್ಟೆಯಲ್ಲಿ ಕಟ್ಟಬೇಕು. ಆದ್ದರಿಂದ ಡೀಲರನ ಪ್ಲಾಸ್ಟಿಕ್ ಹರಿದು ಬಿಸಾಡಿ, ಪಂಚೆಯಲ್ಲಿ ಗಂಟು ಕಟ್ಟಿ, ಬಚ್ಚಲ ಅಟ್ಟಕ್ಕೆ ಏರಿಸಿದೆ. ಜಾಣತನದ ಕೆಲಸ ಮಾಡಿದೆನೆಂದು ಅವತ್ತು ಬಿಸಿನೀರು ಹೆಚ್ಚು ಹೊತ್ತು ಹೊಯ್ದುಕೊಂಡೆ.

ಆಟಿ ತಿಂಗಳ ಮಳೆ ಕಳೆಯುವಷ್ಟರಲ್ಲಿ ಎರಡೂ ಅಂಗಡಿಗಳ ರಿಮೋಟುಗಳು ಸಾಲಾಗಿ ಬರತೊಡಗಿದವು. ಡೀಲರನಿಗೆ ಫೋನ್ ಮಾಡಿದೆ.

“ಎಲ್ಲಿಂದ ತರ್ಲಿ ಅಣ್ಣಾ?” ಎಂದ ಅವನು. “ಮೆಮೊರಿ ಚಿಪ್ಪೆಲ್ಲ ಎ.ಐ. ಕಂಪ್ಯೂಟರಿಗೆ ಹೊಂಟೋಗ್ತಾ ಐತೆ. ಹೊಸಾ ಪೆಟ್ಟಿಗೆ ಬರ್ತಾ ಇಲ್ಲ. ಬಂದ್ರೂ ರೇಟ್ ಕೇಳಿ ಜನ ವಾಪಸ್ ಹೋಯ್ತಾರೆ. ಎಲ್ಲಾರೂ ಹಳೇದನ್ನೇ ರಿಪೇರಿ ಮಾಡಿಸ್ತಾವ್ರೆ. ಸ್ಟಿಕ್ಕು ಖಾಲಿ, ಪೋರ್ಟು ಖಾಲಿ, ಫ್ಯಾನೂ ಖಾಲಿ. ನಿನ್ತಾವ ಇದ್ರೆ ನಂಗೇ ಕಳ್ಸು.”

ಅಲ್ಲಿಯವರೆಗೆ ನಾನು ತಿಳಿದಿದ್ದೆ: ಯಾರ ಆಟ ಚೆಂದವೋ ಆ ಕಂಪನಿ ಗೆಲ್ಲುತ್ತದೆ ಎಂದು. ಹಾಗಲ್ಲ. ಇಬ್ಬರು ಓಟಕ್ಕೆ ನಿಂತಾಗ ಪೇಟೆಯಲ್ಲಿ ಒಂದೇ ಜೊತೆ ಚಪ್ಪಲಿ ಇದ್ದರೆ, ಗೆಲ್ಲುವವನು ಚಪ್ಪಲಿ ಸಿಕ್ಕವನು. ನಮ್ಮ ಮಹಡಿಯ ಓಟಕ್ಕೆ ಚಪ್ಪಲಿ ಇದ್ದದ್ದು ನನ್ನ ಹತ್ತಿರ. ಫೋನ್ ಇಟ್ಟ ಮೇಲೆ ಬೆನ್ನು ನೆಟ್ಟಗಾದದ್ದು ನನಗೇ ಗೊತ್ತಾಯಿತು.

ಆಗ ನ್ಯಾಯವಾಗಿ ಮಾಡಬೇಕಾದದ್ದು, ಗಂಟು ಬಿಚ್ಚಿ ಇಬ್ಬರಿಗೂ ಹಂಚುವುದು. ನಾನು ಮಾಡಿದ್ದು ಬೇರೆ. ಡಬ್ಬಿಯಿಂದ ಒಂದೊಂದೇ ಸ್ಟಿಕ್ ತೆಗೆದು, “ಹುಡುಕಿಸಿದೆ, ಹೆಂಗೋ ಒಂದು ಸಿಕ್ತು” ಎಂದು ಕೊಡತೊಡಗಿದೆ. ದುಡ್ಡು ಮಾತ್ರ ಮೊದಲಿನಷ್ಟೇ ತೆಗೆದುಕೊಂಡೆ. ನನಗೆ ಬೇಕಾದದ್ದು ದುಡ್ಡಲ್ಲ. ಮಿಕ್ಸಿ ಕೊಟ್ಟು ಹೋಗುವವರು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈಗ ಇಬ್ಬರು ಅಂಗಡಿ ಮಾಲೀಕರು ನನ್ನ ಸ್ಟೂಲಿನ ಮೇಲೆ ಕಾದು ಕೂರುತ್ತಿದ್ದರು.

“ಮಾವ, ಎಂತಾರೂ ಮಾಡಿ,” ಎಂದು ಟೈಲರಮ್ಮ ಹಪ್ಪಳದ ಡಬ್ಬಿ ಇಟ್ಟಳು. “ದಸರಾ ರಜೆ ಒಂದು ನಡೆದ್ರೆ ನನ್ನ ಅಂಗಡಿ ಉಳೀತು. ಇಲ್ದಿದ್ರೆ ಮತ್ತೆ ನಮ್ಮೂರು ಬೇಗಾರಿಗೆ ಹೋಗಿ ಕಂಡವರ ಅಂಗಳದಲ್ಲಿ ಅಡಕೆ ಸುಲಿಯೋದೇ. ಆ ಕತ್ತಿ ಕೆಳಗೆ ಇಟ್ಟು ಟೈಲರಿಂಗ್ ಕಲಿಯೋಕೆ ನಾನು ಪಟ್ಟ ಪಾಡು ನಂಗೊತ್ತು.”

“ನೋಡಾಣ ತಂಗಿ. ಆ ಜೀಪಿನವನಿಗೆ ಕಂಪನಿಯಲ್ಲೇ ಯಾರೋ ಗುರ್ತಿದ್ದಾರಂತೆ. ನಿಂಗೆ ನಾನೇ ಗತಿ,” ಎಂದೆ.

ಜೀಪಿನವ ಬಂದರೆ ಕತೆ ತಿರುಗುತ್ತಿತ್ತು. “ಟೈಲರಮ್ಮನ ಅಣ್ಣನೊಬ್ಬ ಶಿವಮೊಗ್ಗದಿಂದ ಸಾಮಾನು ತರ್ತಾನಂತೆ ಮಾರಾಯ,” ಎನ್ನುತ್ತಿದ್ದೆ. ಅವಳಿಗೆ ಅಣ್ಣನೇ ಇರಲಿಲ್ಲ.

“ಹೌದಾ? ಹಂಗಾದ್ರೆ ನನ್ನ ಕೈ ಬಿಡ್ಬೇಡಿ ಮಾರಾಯ್ರೆ,” ಎಂದು ಅವನು ತಮ್ಮನಿಂದ ಜೀಪು ಇಸಿದುಕೊಂಡು ನನ್ನನ್ನು ಕಿಗ್ಗಕ್ಕೆ ದೇವರಿಗೆ ಕರೆದೊಯ್ದ, ಜಯಪುರದಲ್ಲಿ ನೀರುದೋಸೆ ಕೊಡಿಸಿದ. ಇದನ್ನು ಕೇಳಿ ಟೈಲರಮ್ಮ ನನ್ನ ಹೆಂಡತಿಗೆ ಎರಡು ರವಿಕೆ ಹೊಲಿದುಕೊಟ್ಟಳು. ಅದನ್ನು ಕೇಳಿ ಜೀಪಿನವ ಜೇನು ತಂದ.

“ಇದೆಂತ ಸಂಭ್ರಮ?” ಎಂದಳು ಹೆಂಡತಿ. “ನಿಮ್ಮ ಷಷ್ಟಿಪೂರ್ತಿಗೂ ಇಷ್ಟು ಉಡುಗೊರೆ ಬಂದಿರ್ಲಿಲ್ಲ.”

“ಕೈಗುಣ,” ಎಂದೆ.

ದಸರಾ ರಜೆ ಹತ್ತಿರ ಬಂತು. ಡಬ್ಬಿ ಖಾಲಿಯಾಯಿತು. ಇಬ್ಬರೂ ರಜೆಗೆ ಮುಂಚೆ ಎಲ್ಲ ರಿಮೋಟುಗಳ ಎಡಗೈ ಸ್ಟಿಕ್ ಬದಲಿಸಿಕೊಡಿ ಎಂದು ಗೋಗರೆದರು. ಮೂರೂ ತಾಲ್ಲೂಕಿನ ಹುಡುಗರು ಅಜ್ಜಿ ಮನೆಗೆ, ಮಾವನ ಮನೆಗೆ ಬಂದಿಳಿಯುವ ಕಾಲ. ಆ ದಿನಗಳಲ್ಲಿ ಒಂದು ಅಂಗಡಿಗೆ ಕೂತವರು ವರ್ಷವಿಡೀ ಅಲ್ಲಿಗೇ ಬರುತ್ತಾರೆ. ನಾನು ಉದಾರಿಯಾಗಲು ಇದೇ ಸಮಯವೆಂದು ಅಟ್ಟದಿಂದ ಗಂಟು ಇಳಿಸಿದೆ. ಪಂಚೆ ಕಂದು ಬಣ್ಣಕ್ಕೆ ತಿರುಗಿತ್ತು. ಬೂಸ್ಟು ಒಂದು ಚೂರೂ ಇರಲಿಲ್ಲ. ಸ್ಟಿಕ್ಕುಗಳು ಸ್ವಲ್ಪ ಅಂಟಂಟು ಅನ್ನಿಸಿದವು, ಬಟ್ಟೆಯಲ್ಲಿ ಒರೆಸಿದೆ. ಎರಡು ದಿನ ಕೂತು ಆಚೆಯವಳದ್ದೂ ಈಚೆಯವನದ್ದೂ ಎಲ್ಲ ರಿಮೋಟುಗಳಿಗೆ ಹಾಕಿದೆ. ಪರೀಕ್ಷೆಗೆ ಟಿ.ವಿ.ಗೆ ಜೋಡಿಸಿ ನೋಡಿದರೆ, ಸ್ಟಿಕ್ ಎತ್ತ ವಾಲಿದೆಯೆಂದು ತೋರಿಸುವ ಚುಕ್ಕೆ ನಟ್ಟನಡುವೆ ನಿಂತಿತ್ತು. “ಇನ್ನು ಯಾರಿಗೆ ಯಾರು ಸಮ ನೋಡ್ಕೊಳ್ಳಿ,” ಎಂದು ಇಬ್ಬರಿಗೂ ಬೇರೆಬೇರೆಯಾಗಿ ಹರಸಿ ಕಳಿಸಿದೆ.

ರಜೆಯ ಮೊದಲ ದಿನ ಮಹಡಿ ತುಂಬಿತ್ತು. ಅರ್ಧ ಗಂಟೆ ಎಲ್ಲ ಸರಿಯಿತ್ತಂತೆ. ಆಮೇಲೆ ಟೈಲರಮ್ಮನ ಅಂಗಡಿಯಲ್ಲಿ ಬ್ಯಾಟ್ಸ್‌ಮನ್ ಬಾಲಿಗೆ ಕಾಯದೆ ಎಡಕ್ಕೆ ಹೊರಟ. ಸ್ಟಂಪು ಬಿಟ್ಟು ಹೋದ. ಎದುರು ತಂಡದವನೂ ಅವನ ಹಿಂದೆಯೇ ಹೋದ. ಕಾರುಗಳೆಲ್ಲ ಎಡಗಡೆಯ ಗೋಡೆ ಕೆರೆಯುತ್ತ ನಿಂತವು. ಹುಡುಗರು ಬಿದ್ದು ಬಿದ್ದು ನಕ್ಕರು, ದುಡ್ಡು ವಾಪಸ್ ಕೇಳಿದರು, ಈಚೆ ಅಂಗಡಿಗೆ ದೌಡಾಯಿಸಿದರು. ಅಲ್ಲಿ ಸಿಪಾಯಿಗಳು ಬಂದೂಕು ಹಿಡಿದುಕೊಂಡೇ ಸಾಲಾಗಿ ಎಡಕ್ಕೆ ನಡೆದು ಹಳ್ಳಕ್ಕೆ ಬೀಳುತ್ತಿದ್ದರು.

ಟೈಲರಮ್ಮ ಜೀಪಿನವ ಮಾಟ ಮಾಡಿಸಿದ್ದಾನೆ ಎಂದಳು. ಜೀಪಿನವ ಇಲ್ಲದ ಶಿವಮೊಗ್ಗದ ಅಣ್ಣನನ್ನು ಬೈದ. ಇಬ್ಬರೂ ತಂತಮ್ಮ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ನನ್ನ ಮೇಲೆ ಇಬ್ಬರಿಗೂ ಅನುಮಾನ ಬರಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಒಂದು ರಿಮೋಟ್ ಮನೆಗೆ ತಂದು ಜಗಲಿಯ ಬೆಳಕಿನಲ್ಲಿ ಸ್ಟಿಕ್ಕನ್ನೇ ಒಡೆದು ನೋಡಿದೆ. ಇಂಗಾಲದ ಪಟ್ಟಿಯ ಮೇಲೆ ಜಿಡ್ಡು ಮಸಿ, ಅರಗಿನ ಹಾಗೆ. ಆಡಿ ಆಡಿ ಬೆಚ್ಚಗಾದಾಗ ಅದು ಮೆತ್ತಗಾಗಿ ನಾಲಗೆಯ ಕೆಳಗೆ ಸೇರುತ್ತಿತ್ತು. ಸ್ಪಿರಿಟ್ ಹಚ್ಚಿ ತಿಕ್ಕಿದೆ. ಮಸಿಯ ಜೊತೆ ಪಟ್ಟಿಯೂ ಕಿತ್ತು ಬಂತು. ಇನ್ನೊಂದನ್ನು ಬರೀ ಗಾಳಿ ಹೊಡೆದು ನೋಡಿದೆ, ಏನೂ ಆಗಲಿಲ್ಲ. ಹೆಂಡತಿ ಬಂದು ಮೂಸಿದಳು.

“ಇದು ನಮ್ಮ ಬಚ್ಚಲೊಲೆ ಹೊಗೆಯ ವಾಸನೆ.”

ನಾನು ಒಳಗಿನಿಂದ ಪಂಚೆಯ ಗಂಟು ತಂದಿಟ್ಟೆ.

“ಕರೆಂಟಿನ ಸಾಮಾನನ್ನ ಅಟ್ಟಕ್ಕೆ ಹಾಕಿದ್ರಾ? ನಿಮಗೆ ಬಿತ್ತನೆ ಬೀಜಕ್ಕೂ ಇದಕ್ಕೂ ವ್ಯತ್ಯಾಸ ಇಲ್ವಾ?” ಎಂದವಳು ಗಂಟಿನ ಗಾತ್ರ ನೋಡಿ ಅಲ್ಲೇ ಕೂತಳು. “ಇಷ್ಟು ಇಟ್ಟುಕೊಂಡು ಆ ಹೆಂಗಸಿಗೆ ಇಲ್ಲ ಅಂದ್ರಾ? ನನ್ನ ಮೈಮೇಲಿರೋ ರವಿಕೆ ಅವಳದ್ದು.”

ಮಾರನೆಯ ದಿನ ಗಂಟನ್ನು ಎತ್ತಿಕೊಂಡು ಅಂಗಡಿಗೆ ಹೊರಟವನಿಗೆ ಚಹಾದಂಗಡಿಯಲ್ಲಿ ಸುದ್ದಿ ಸಿಕ್ಕಿತು. ಟೈಲರಮ್ಮ ಕರಿ ಪೆಟ್ಟಿಗೆಗಳನ್ನು ಮಾರುತ್ತಿದ್ದಾಳೆ, ಎನ್.ಆರ್.ಪುರದ ಒಬ್ಬ ಪಿಕಪ್ ತಂದಿದ್ದಾನೆ. ಹೊಸ ಪೆಟ್ಟಿಗೆ ಸಿಗದ ಈ ಕಾಲದಲ್ಲಿ ಹಳೆಯದಕ್ಕೂ ಕೊಳ್ಳುವವರಿದ್ದರು.

ನಾನು ಅಂಗಡಿಗೆ ಬಂದು ಅವಳ ಇನ್ನೊಂದು ಕೆಟ್ಟ ರಿಮೋಟ್ ಎದುರಿಗಿಟ್ಟುಕೊಂಡೆ. ಆಗ ಕಣ್ಣಿಗೆ ಬಿತ್ತು: ಬಲಗೈ ಸ್ಟಿಕ್ ಕಂಪನಿಯಿಂದ ಬಂದಂತೆಯೇ ಇದೆ. ಅವಳಲ್ಲಿ ಆಡುವುದು ಕ್ರಿಕೆಟ್ಟು, ಕಾರು. ಎರಡಕ್ಕೂ ಬಲಗೈ ಸ್ಟಿಕ್ ಬೇಕಾಗಿಲ್ಲ. ಬಲದ್ದನ್ನು ಕಿತ್ತು ಎಡಕ್ಕೆ ಹಾಕಿದರೆ, ಮಸಿ ಹಿಡಿದದ್ದು ಬಲಗಡೆ ಕೂತು ಯಾರಿಗೂ ತೊಂದರೆ ಕೊಡುವುದಿಲ್ಲ. ಹಾಕಿ ನೋಡಿದೆ. ಅರ್ಧ ಗಂಟೆಯಲ್ಲ, ಒಂದೂವರೆ ಗಂಟೆ ಆಡಿಸಿದರೂ ಬೆರಳು ಬಿಟ್ಟಾಗ ಚುಕ್ಕೆ ಅಲುಗಲಿಲ್ಲ.

ಆ ಒಂದೂವರೆ ಗಂಟೆ ನಾನು ಯೋಚಿಸಿದ್ದು ಒಳ್ಳೆಯ ಯೋಚನೆಯಲ್ಲ. ಈ ಉಪಾಯ ತೋರಿಸಿದರೆ ಸಾಕು, ಅವಳು ಕಾಲಿಗೆ ಬೀಳುತ್ತಾಳೆ, ಗಂಟಿನ ವಿಷಯ ಯಾರಿಗೂ ಬೇಡ, ಹೊಳೆಗೆ ಹಾಕಿದರಾಯಿತು. ಅವಳು ಕೈಮುಗಿದು ನಿಲ್ಲುವ ಚಿತ್ರ ಕಣ್ಣಮುಂದೆ ಬಂದಾಗ ಮಾತ್ರ ಹೆಂಡತಿಯ ಮೈಮೇಲಿದ್ದ ರವಿಕೆ ನೆನಪಾಯಿತು. ಬೆಸುಗೆಯ ಐರನ್, ಲೆಡ್, ಹಲಗೆ ಬಿಸಿಮಾಡುವ ತಟ್ಟೆ ಎಲ್ಲವನ್ನೂ ಚೀಲಕ್ಕೆ ಹಾಕಿ, ಪಂಚೆಯ ಗಂಟನ್ನೂ ಬಗಲಿಗೆ ಸಿಕ್ಕಿಸಿ ಮೆಟ್ಟಿಲು ಹತ್ತಿದೆ. ಖಾಲಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಜೀಪಿನವನನ್ನು “ನೀನೂ ಬಾ” ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋದೆ.

ಒಂದು ಪೆಟ್ಟಿಗೆಯನ್ನು ಆಗಲೇ ಬೆಡ್‌ಶೀಟಿನಲ್ಲಿ ಸುತ್ತಿ ಆಗಿತ್ತು. ಎನ್.ಆರ್.ಪುರದವನು ನೆಲಕ್ಕೆ ಕೂತು ವಯರು ಸುರುಳಿ ಸುತ್ತುತ್ತಿದ್ದ. ಟೈಲರಮ್ಮ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದಳು.

“ಪೆಟ್ಟಿಗೆ ಕೊಡ್ಬೇಡ ತಂಗಿ. ತಪ್ಪು ನಂದು,” ಎಂದು ಗಂಟನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಚ್ಚಿದೆ.

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಬೇಸಿಗೆಯಿಂದ ಇದ್ದದ್ದು, ಇಲ್ಲ ಎಂದದ್ದು, ಅಟ್ಟಕ್ಕೆ ಹಾಕಿದ್ದು, ಕರಿಗೂ ಬಿಳಿಗೂ ಒಂದೇ ಸ್ಟಿಕ್ ಆಗುವುದು.

“ಒಂದೇ?” ಎಂದ ಜೀಪಿನವ. “ಬಿಳಿಯದು ನಾಜೂಕು ಅಂದಿದ್ರಲ್ಲ ಮಾರಾಯ್ರೆ!”

“ಸುಳ್ಳು.”

“ಮತ್ತೆ ಇವಳ ಅಣ್ಣ ಶಿವಮೊಗ್ಗದಿಂದ...”

“ಯಾವ ಅಣ್ಣ?” ಟೈಲರಮ್ಮ ತಿರುಗಿದಳು. “ನಾವು ಬರೀ ಹೆಣ್ಣುಮಕ್ಕಳು. ನಿಂಗೇ ಅಲ್ದಾ ಕಂಪನಿಯಲ್ಲಿ ಗುರ್ತಿದ್ದದ್ದು?”

“ನಂಗೆ ಕಂಪನಿಯಲ್ಲಾ? ನಂಗೆ ಪಂಚಾಯ್ತಿ ಆಫೀಸಲ್ಲೇ ಯಾರೂ ಗುರ್ತಿಲ್ಲ!”

ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ಅವರಿಬ್ಬರು ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಈ ವಯಸ್ಸಿಗೆ ನಾಚ್ಕೆ ಆಗಲ್ವಾ ಮಾವ?” ಎಂದಳು.

“ಆಗ್ತಿದೆ,” ಎಂದೆ.

“ಯಾಕೆ ಮಾಡಿದ್ರಿ ಅದನ್ನ ಹೇಳಿ. ದುಡ್ಡಿಗಾ?”

“ದುಡ್ಡಿಗಲ್ಲ. ನೀವು ಬಂದು ಕೂರ್ತಿದ್ರಿ. ಅದಕ್ಕೆ.”

ಎನ್.ಆರ್.ಪುರದವನು ವಯರು ಹಿಡಿದುಕೊಂಡು, “ನಾನೀಗ ಸುತ್ತಬೇಕೋ ಬಿಚ್ಚಬೇಕೋ?” ಎಂದು ಕೇಳಿದ.

“ಒಂಚೂರು ಇರಿ,” ಎಂದು ಅವಳು ನನ್ನ ಚೀಲ ನೋಡಿದಳು. “ಐರನ್ ಎಂತಕ್ಕೆ ತಂದಿದ್ದು?”

ಬಲದ್ದನ್ನು ಎಡಕ್ಕೆ ಹಾಕುವ ಉಪಾಯ ಹೇಳಿ, ಸರಿಮಾಡಿದ ರಿಮೋಟ್ ಕೊಟ್ಟೆ. ಅವಳು ಉಳಿದಿದ್ದ ಪೆಟ್ಟಿಗೆಗೆ ಅದನ್ನು ಜೋಡಿಸಿ, ತಾನೇ ಕೂತು ಎರಡು ಓವರ್ ಆಡಿದಳು. ಬ್ಯಾಟ್ಸ್‌ಮನ್ ನಿಂತಲ್ಲೇ ನಿಂತ. ಅವಳ ಹೆಗಲು ಇಳಿದದ್ದು ಹಿಂದಿನಿಂದ ಕಾಣಿಸಿತು.

ಆದರೆ ಜೀಪಿನವನ ಕತೆ ಬೇರೆ. ಗುಂಡು ಹೊಡೆಯುವ ಆಟಕ್ಕೆ ಎರಡೂ ಹೆಬ್ಬೆರಳು ಬೇಕು. ಅವನ ರಿಮೋಟುಗಳ ಬಲಗೈ ಸ್ಟಿಕ್ಕುಗಳೂ ಸವೆದು ಹೋಗಿದ್ದವು. ಬೆಳಿಗ್ಗೆ ಅವಳ ಅಂಗಡಿ ಮುಚ್ಚುವುದರಲ್ಲಿತ್ತು, ಈಗ ಅವನದ್ದು. ಅವನು ನಿಂತಲ್ಲೇ ಲೆಕ್ಕ ಹಾಕಿದನೆಂದು ಕಾಣುತ್ತದೆ, “ಸೊಂಟ ನೋವಿದ್ರೂ ಜೀಪೇ ಸೈ,” ಎಂದು ಗೊಣಗಿದ.

ಟೈಲರಮ್ಮ ಮೂಲೆಯಿಂದ ಒಂದು ಗೋಣಿಚೀಲ ಎಳೆದು ತಂದು ಮೇಜಿನ ಮೇಲೆ ಸುರಿದಳು. ಮೊದಲ ವರ್ಷದಿಂದ ಕೆಟ್ಟು ಬಿದ್ದ ಕರಿ ರಿಮೋಟುಗಳು. ಬಟನ್ ಹೋದವು, ಬ್ಯಾಟರಿ ಉಬ್ಬಿದವು.

“ಇವುಗಳ ಬಲಗೈದು ಸರಿ ಇರ್ಬೇಕಲ್ಲ ಮಾವ? ಒಂದೇ ಸ್ಟಿಕ್ ಆದ್ರೆ ಅವನ ಬಿಳಿಯದಕ್ಕೂ ಕೂರ್ತದೆ.”

“ಕೂರ್ತದೆ.”

“ಎರಡು ರಿಮೋಟಿಗೆ ಆಗುವಷ್ಟು ಕಿತ್ತು ಅವನಿಗೆ ಹಾಕಿ. ಮುಯ್ಯಿ ಲೆಕ್ಕ.”

ನಮ್ಮ ಕಡೆ ನೆಟ್ಟಿಗೆ, ಕೊಯ್ಲಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿದು, ಅಷ್ಟೇ ದುಡಿಮೆಯನ್ನು ತಿರುಗಿ ಪಡೆಯುವುದಕ್ಕೆ ಮುಯ್ಯಿ ಎನ್ನುತ್ತಾರೆ. ಬೇಲಿ ಜಗಳದಲ್ಲಿ ಮಾತು ಬಿಟ್ಟವರೂ ಮುಯ್ಯಿ ಬಿಡುವುದಿಲ್ಲ. ಜೀಪಿನವ ತಬ್ಬಿಬ್ಬಾದ.

“ಎಂತಕ್ಕೆ ಮಾರಾಯ್ತಿ? ನಾನು ಮುಚ್ಚಿದ್ರೆ ನಿಂಗೇ ಲಾಭ.”

“ನಿನ್ನನ್ನ ನನ್ನ ಕ್ರಿಕೆಟ್ಟಲ್ಲಿ ಸೋಲಿಸ್ತೀನಿ. ಇವರ ಮನೆ ಬಚ್ಚಲ ಹೊಗೆಯಲ್ಲಿ ಗೆದ್ದೆ ಅನ್ನಿಸ್ಕೊಳ್ಳೋದು ಬೇಡ,” ಎಂದಳು. “ಸಾಮಾನು ಬಂದಾಗ ಎಣಿಸಿ ವಾಪಸ್ ಕೊಡ್ಬೇಕು. ಸವೆದದ್ದು ಕೊಟ್ರೆ ತಗೊಳ್ಳಲ್ಲ.”

“ಆಯ್ತು.”

“ಮತ್ತೆ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ಬಿಚ್ಚು. ಮಾಟಗಾತಿ ಅಂತ ಹುಡುಗರಿಗೆ ಹೇಳಿದ್ದೂ ಗೊತ್ತು ನಂಗೆ.”

“ನೀನೂ ಕಟ್ಟಿದ್ದೀ!”

ಅಲ್ಲೇ ಕತ್ತರಿಸುವ ಮೇಜಿನ ಮೇಲೆ ಐರನ್ ಕಾಯಿಸಿದೆ. ಜೀಪಿನವ ತಿರುಪು ಬಿಚ್ಚಿಕೊಟ್ಟ. ಟೈಲರಮ್ಮ ಸೂಜಿಯಿಂದ ತೂತುಗಳ ಲೆಡ್ ಬಿಡಿಸಿದಳು; ಗುಂಡಿ ಹೊಲಿದ ಕೈ, ನನಗಿಂತ ಚೊಕ್ಕ. ನನ್ನೊಂದಿಗೆ ಇಬ್ಬರೂ ಬೇಕಾದಷ್ಟೇ ಮಾತಾಡಿದರು: “ಇದು ಹಿಡೀರಿ”, “ಅದು ಕೊಡಿ”. ಒಂದು ಹಲಗೆಯಲ್ಲಿ ಆತುರಪಟ್ಟು ತಾಮ್ರ ಎಬ್ಬಿಸಿಬಿಟ್ಟೆ. ಕೂದಲಿನಷ್ಟು ಸಣ್ಣ ತಂತಿ ಹಾಕಿ ಜೋಡಿಸಬೇಕಾಯಿತು. ಬೈಯಲಿಲ್ಲ ಯಾರೂ. ಬೈದಿದ್ದರೆ ಹಗುರಾಗುತ್ತಿತ್ತು.

ಊಟದ ಹೊತ್ತು ಮೀರಿದ ಮೇಲೆ ಜೀಪಿನವ ತನ್ನ ರಿಮೋಟುಗಳನ್ನು ಎತ್ತಿಕೊಂಡು ತನ್ನ ಅಂಗಡಿಗೆ ಹೋದ. ಸ್ವಲ್ಪದರಲ್ಲೇ ಗುಂಡಿನ ಸದ್ದು ಕೇಳಿತು, ಸಿಪಾಯಿಗಳು ನೆಟ್ಟಗೆ ನಡೆಯುತ್ತಿದ್ದಾರೆಂದು ಅವನು ಅಲ್ಲಿಂದಲೇ ಕೂಗಿ ಹೇಳಿದ. ಆ ಸದ್ದಿಗೆ ಕೆಳಗಿನ ರಸ್ತೆಯಲ್ಲಿದ್ದ ಹುಡುಗರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು, ಅರ್ಧ ಅತ್ತ, ಅರ್ಧ ಇತ್ತ. ಇತ್ತ ಬಂದವರು ಬಾಗಿಲಲ್ಲೇ ನಿಂತರು. ಕುರ್ಚಿ ಖಾಲಿ ಇರಲಿಲ್ಲ.

ಎನ್.ಆರ್.ಪುರದವನು ಕಾದು ಕಾದು ಬೇಸರವಾಗಿ, ಸರಿಯಾಗಿದೆಯೋ ನೋಡುತ್ತೇನೆಂದು ರಿಮೋಟ್ ಹಿಡಿದು ಕೂತಿದ್ದ. ಗೆಲ್ಲಲು ಇನ್ನು ಹದಿನೆಂಟು ರನ್ ಬೇಕಿತ್ತು, ಕಣ್ಣು ಟಿ.ವಿ. ಬಿಟ್ಟು ಬರುತ್ತಿರಲಿಲ್ಲ. ಬೆಡ್‌ಶೀಟು ಬಿಚ್ಚಿ ಎರಡನೆಯ ಪೆಟ್ಟಿಗೆಯನ್ನು ಜಾಗಕ್ಕೆ ಇಡುತ್ತಿದ್ದ ಟೈಲರಮ್ಮ ತಿರುಗಿ ನೋಡಿದಳು.

“ಅರ್ಧ ಗಂಟೆ ಆಯ್ತು, ಏಳಿ,” ಎಂದಳು ಅವನಿಗೆ. “ಗಿರಾಕಿಗಳು ಕಾಯ್ತಿದ್ದಾರೆ.”